ಸ್ವವಿವರದ ಹಾಳೆಯಲ್ಲಿ ಸ್ವಂತಿಕೆ: ರೆಸ್ಯೂಮೆ ವಿನ್ಯಾಸದ ಕುರಿತು

ಉದ್ಯೋಗಕ್ಕಾಗಿ ಬರೆಯುವ ಸ್ವವಿವರ ಪತ್ರ, ಅಂದರೆ ಎಲ್ಲರ ಬಾಯಲ್ಲೂ ರೆಸ್ಯೂಮೆ ಎನಿಸಿಕೊಂಡಿರುವ ಆ ಒಂದೆರಡು ಪುಟಗಳ ಕಾಗದ, ನಮ್ಮ ಮನೆಗಳಲ್ಲಿ ಈಗ ಮದುವೆಯ ಕರೆಯೋಲೆಯಷ್ಟೇ ಚರ್ಚೆಗೆ ಒಳಗಾಗುತ್ತಿದೆ. ಯಾವ ಬಣ್ಣ, ಎಷ್ಟು ಪುಟ, ಭಾವಚಿತ್ರ ಬೇಕೋ ಬೇಡವೋ, ತಂದೆಯ ಹೆಸರು ಬರೆಯಬೇಕೋ ಬಿಡಬೇಕೋ ಎಂಬ ಪ್ರಶ್ನೆಗಳಲ್ಲಿ ತಂದೆ ಒಂದು ಹೇಳಿದರೆ ಮಗಳು ಇನ್ನೊಂದು ಹೇಳುತ್ತಾಳೆ. ಇಬ್ಬರ ಮಾತಿಗೂ ಅವರವರ ಕಾಲದ ಆಧಾರವಿದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಉಚಿತ.

ಹೈದರಾಬಾದಿನ ಈಶಾನ್ಯ ಭಾಗದ ಕುಷಾಯಿಗೂಡವನ್ನೇ ತೆಗೆದುಕೊಳ್ಳೋಣ. 1967ರಲ್ಲಿ ಪರಮಾಣು ಶಕ್ತಿ ಇಲಾಖೆಯ ಅಡಿಯಲ್ಲಿ ಇ.ಸಿ.ಐ.ಎಲ್. ಸ್ಥಾಪನೆಯಾಯಿತು, 1971ರಲ್ಲಿ ಸಮೀಪದಲ್ಲಿಯೇ ಪರಮಾಣು ಇಂಧನ ಸಂಕೀರ್ಣ ಬಂದಿತು. ಅವುಗಳ ಬೆನ್ನಿಗೆ ಕುಷಾಯಿಗೂಡ ಹಾಗೂ ಚರ್ಲಪಲ್ಲಿಯ ಕೈಗಾರಿಕಾ ವಸಾಹತುಗಳು ಬೆಳೆದವು. ಒಂದು ಕಾಲದಲ್ಲಿ ಮನೆಮಾತಾಗಿದ್ದ ಇ.ಸಿ. ದೂರದರ್ಶನ ಪೆಟ್ಟಿಗೆಯೂ, ಇಂದಿನ ವಿದ್ಯುನ್ಮಾನ ಮತಯಂತ್ರಗಳ ಒಂದು ಪಾಲೂ ಈ ಇ.ಸಿ.ಐ.ಎಲ್. ತಯಾರಿಕೆಯೇ. ಇಂಥ ನೆರೆಯಲ್ಲಿ ನೆಲೆನಿಂತ ಕುಟುಂಬಗಳ ಮೊದಲ ತಲೆಮಾರು ರೆಸ್ಯೂಮೆಯನ್ನು ಬರೆದದ್ದು ಕಡಿಮೆ, ಅರ್ಜಿಯನ್ನು ತುಂಬಿದ್ದೇ ಹೆಚ್ಚು. ಸರ್ಕಾರಿ ಉದ್ಯಮಗಳ ಅರ್ಜಿಗೆ ನಿಗದಿತ ನಮೂನೆ ಇರುತ್ತಿತ್ತು. ಹೆಸರು ದೊಡ್ಡಕ್ಷರಗಳಲ್ಲಿ, ತಂದೆಯ ಹೆಸರು, ಜನ್ಮದಿನಾಂಕ, ವಿದ್ಯಾರ್ಹತೆ, ಶೇಕಡಾವಾರು ಅಂಕ, ಕೊನೆಯಲ್ಲಿ ಮೇಲ್ಕಂಡ ವಿವರಗಳು ಸತ್ಯವೆಂಬ ಘೋಷಣೆ, ಸ್ಥಳ, ದಿನಾಂಕ, ಸಹಿ. ಆ ನಮೂನೆಯಲ್ಲಿ ಸ್ವಂತ ಶೈಲಿಗೆ ಎಡೆಯೇ ಇರಲಿಲ್ಲ. ಇರಬಾರದು ಎಂಬುದೇ ಅದರ ಉದ್ದೇಶ. ಸಾವಿರಾರು ಅರ್ಜಿಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬೇಕಾದಾಗ ಎಲ್ಲವೂ ಒಂದೇ ರೂಪದಲ್ಲಿರುವುದು ನ್ಯಾಯವೇ ಸರಿ.

1998ರಲ್ಲಿ ನಗರದ ಇನ್ನೊಂದು ತುದಿಯಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಆನಂತರ ಉದ್ಯೋಗದ ಬಾಗಿಲುಗಳು ಬೇರೆ ರೀತಿಯಲ್ಲಿ ತೆರೆಯತೊಡಗಿದವು. ಅಲ್ಲಿ ನಮೂನೆ ಕೊಡುವವರಿಲ್ಲ. ನಿಮ್ಮ ಬಗ್ಗೆ ನೀವೇ ಬರೆದು ತನ್ನಿ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಯಾರೂ ಅಲ್ಲಿಯವರೆಗೆ ತುಂಬದಿದ್ದ ಖಾಲಿ ಹಾಳೆ ಅದು. ಆಗ ಸಹಜವಾಗಿಯೇ ಹಳೆಯ ಅರ್ಜಿಯ ತಲೆಬರಹಗಳು ಹೊಸ ಹಾಳೆಗೆ ಇಳಿದುಬಂದವು. ಇಂದಿಗೂ ಇ.ಸಿ.ಐ.ಎಲ್. ಚೌರಸ್ತೆಯ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಮುದ್ರಣಕ್ಕೆ ಬರುವ ಎಷ್ಟೋ ಸ್ವವಿವರಗಳು ಅರ್ಧ ಅರ್ಜಿ, ಅರ್ಧ ವಧೂವರರ ಬಯೋಡೇಟಾ ಎಂಬಂತೆ ಇರುತ್ತವೆ. ರಾಶಿ ನಕ್ಷತ್ರಗಳೊಂದನ್ನು ಬಿಟ್ಟು ತಂದೆಯ ಉದ್ಯೋಗ, ಧರ್ಮ, ವೈವಾಹಿಕ ಸ್ಥಿತಿ ಎಲ್ಲವೂ ಅಲ್ಲಿ ಹಾಜರು. ನಮೂನೆ ಕೊಟ್ಟ ಕಡೆ ಅದನ್ನು ಚಾಚೂ ತಪ್ಪದೆ ತುಂಬಬೇಕು. ನಮೂನೆ ಇಲ್ಲದ ಕಡೆ ಅದನ್ನು ನಾವೇ ಕಲ್ಪಿಸಿಕೊಂಡು ಅದರೊಳಗೆ ಕುಳಿತುಕೊಳ್ಳಬಾರದು. ಹಿರಿಯರು ಮತ್ತು ಕಿರಿಯರ ವಾದದ ಗಂಟು ಇರುವುದು ಇಲ್ಲಿಯೇ.

ತನ್ನನ್ನು ತಾನು ಪರಿಚಯಿಸಿಕೊಳ್ಳುವ ಬರಹವೇನೂ ಹೊಸದಲ್ಲ. ಲಿಯೊನಾರ್ಡೊ ಡ ವಿಂಚಿ ಸುಮಾರು 1482ರಲ್ಲಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆಂದು ಸಿದ್ಧಪಡಿಸಿದ ಪತ್ರವನ್ನು ಜಗತ್ತಿನ ಮೊದಲ ರೆಸ್ಯೂಮೆ ಎಂದು ಕರೆಯುವ ವಾಡಿಕೆಯಿದೆ. ಹಗುರವಾದ ಸೇತುವೆ ಕಟ್ಟಬಲ್ಲೆ, ಕಂದಕದ ನೀರು ಖಾಲಿ ಮಾಡಬಲ್ಲೆ, ಫಿರಂಗಿ ಮಾಡಬಲ್ಲೆ ಎಂದು ಆತ ಒಂದೊಂದಾಗಿ ಎಣಿಸುತ್ತಾನೆ. ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಕೊನೆಗೆ. ಯುದ್ಧದ ಭೀತಿಯಲ್ಲಿದ್ದ ದೊರೆಗೆ ಮೊದಲು ಏನು ಬೇಕೆಂಬುದು ಅವನಿಗೆ ತಿಳಿದಿತ್ತು. ನಮ್ಮಲ್ಲಿಯೇ ನೋಡುವುದಾದರೆ, ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಅತಿ ಪ್ರಾಚೀನ ಮಾದರಿ ಎಂದು ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ವಂಶಾವಳಿಯನ್ನು ಮೈಲುದ್ದ ಹೊಗಳುವ ಎಷ್ಟೋ ಪ್ರಶಸ್ತಿ ಶಾಸನಗಳ ನಡುವೆ, ಈ ವ್ಯಕ್ತಿ ಯಾರೊಡನೆ ಹೇಗೆ ನಡೆದುಕೊಳ್ಳುವವನು ಎಂಬುದನ್ನೇ ಮುಖ್ಯವಾಗಿ ಹೇಳುವ ಶಾಸನ ಅದು. ಅವನ ಬಗ್ಗೆ ನಮಗೆ ಬೇರೇನೂ ಹೆಚ್ಚು ತಿಳಿಯದಿದ್ದರೂ ಅವನ ಸ್ವಭಾವ ಹದಿಮೂರು ಶತಮಾನ ದಾಟಿ ಬಂದಿದೆ. ಕಡಿಮೆ ಸಾಲು, ಖಚಿತವಾದ ಆಯ್ಕೆ. ಇಬ್ಬರಲ್ಲಿಯೂ ವೈಯಕ್ತಿಕ ಶೈಲಿ ಅಡಗಿರುವುದು ಅಲಂಕಾರದಲ್ಲಲ್ಲ. ಯಾವುದು ಮೊದಲು, ಯಾವುದು ಕೊನೆ, ಯಾವುದು ಬೇಡವೇ ಬೇಡ ಎಂಬ ತೀರ್ಮಾನದಲ್ಲಿ.

ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ದೊರೆಯುವ ಸಿದ್ಧ ಮಾದರಿಗಳ ತೊಡಕು ಇದೇ. ಅವು ನೋಡಲು ಸೊಗಸಾಗಿವೆ, ಸಂದೇಹವಿಲ್ಲ. ಎಡಗಡೆ ಕಡುನೀಲಿ ಪಟ್ಟಿ, ದುಂಡನೆಯ ಚೌಕಟ್ಟಿನಲ್ಲಿ ಭಾವಚಿತ್ರ, ದೂರವಾಣಿಗೆ ಒಂದು ಪುಟ್ಟ ಚಿಹ್ನೆ, ಜಾಣ್ಮೆಯನ್ನು ತೋರಿಸಲು ಅರ್ಧ ತುಂಬಿದ ಪಟ್ಟಿಗಳು. ಆದರೆ ಆ ಶೈಲಿ ಅಭ್ಯರ್ಥಿಯದಲ್ಲ, ಮಾದರಿ ರಚಿಸಿದವರದು. ಅದೇ ವಾರ ಅದೇ ನೀಲಿ ಪಟ್ಟಿಯನ್ನು ಹೊತ್ತ ನೂರು ಹಾಳೆಗಳು ಆ ಅಧಿಕಾರಿಯ ಮೇಜಿನ ಮೇಲಿರಬಹುದು. ಇನ್ನು ಆ ಜಾಣ್ಮೆಯ ಪಟ್ಟಿಗಳಂತೂ ನನಗೆ ಅರ್ಥವೇ ಆಗುವುದಿಲ್ಲ. ಜಾವಾ ಶೇಕಡಾ 80 ಎಂದರೆ ಯಾವುದರ 80? ಉಳಿದ 20 ಯಾವುದು? ಪರೀಕ್ಷೆಯಿಲ್ಲದೆ ತನಗೆ ತಾನೇ ಕೊಟ್ಟುಕೊಂಡ ಅಂಕಕ್ಕೆ ಬೆಲೆ ಎಲ್ಲಿಂದ ಬರಬೇಕು? ಅದರ ಬದಲು ಜಾವಾದಲ್ಲಿ ಏನು ಮಾಡಿದ್ದೀರಿ ಎಂದು ಒಂದು ಸಾಲು ಬರೆದರೆ ಸಾಕು.

ಹಾಗಾದರೆ ಸ್ವಂತಿಕೆ ತೋರುವುದು ಹೇಗೆ? ಊಹೆಗಾಗಿ ಒಬ್ಬ ತರುಣಿಯನ್ನು ಇಟ್ಟುಕೊಳ್ಳೋಣ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕುಷಾಯಿಗೂಡ ಕೈಗಾರಿಕಾ ವಸಾಹತಿನ ಸಣ್ಣ ಘಟಕವೊಂದರಲ್ಲಿ ಎರಡು ವರ್ಷ ವಿದ್ಯುನ್ಮಂಡಲ ಫಲಕಗಳನ್ನು ಪರೀಕ್ಷಿಸುವ ಕೆಲಸ ಮಾಡಿದ್ದಾಳೆ. ರಾಜ್ಯೋತ್ಸವಕ್ಕೆ ವೇದಿಕೆಯ ಧ್ವನಿವ್ಯವಸ್ಥೆ ನೋಡಿಕೊಳ್ಳುವವಳೂ ಅವಳೇ. ಅವಳ ಈಗಿನ ರೆಸ್ಯೂಮೆ ಹೇಗಿರುತ್ತದೆ ಎಂದು ಯಾರಾದರೂ ಹೇಳಬಹುದು. ಮೊದಲ ನಾಲ್ಕು ಸಾಲು ಜೀವನದ ಧ್ಯೇಯ: ಪ್ರಗತಿಶೀಲ ಸಂಸ್ಥೆಯೊಂದರಲ್ಲಿ ಸವಾಲಿನ ಹುದ್ದೆ ಪಡೆದು ಸಂಸ್ಥೆಯೊಂದಿಗೆ ತಾನೂ ಬೆಳೆಯುವುದು. ಆಮೇಲೆ ಹತ್ತನೆಯ ತರಗತಿಯಿಂದ ಹಿಡಿದು ಅಂಕಗಳ ಕೋಷ್ಟಕ. ಅನಂತರ ಕಷ್ಟಸಹಿಷ್ಣು, ಪ್ರಾಮಾಣಿಕ, ತಂಡದಲ್ಲಿ ದುಡಿಯಬಲ್ಲವಳು ಎಂಬ ಗುಣಾವಳಿ. ಎರಡು ವರ್ಷದ ಅನುಭವ ಎರಡನೆಯ ಪುಟದ ನಡುವೆ ಒಂದೇ ಸಾಲಿನಲ್ಲಿ. ಕೊನೆಗೆ ಘೋಷಣೆ.

ಇದನ್ನು ತಿರುವಿ ಹಾಕೋಣ. ಧ್ಯೇಯದ ನಾಲ್ಕು ಸಾಲು ಯಾರ ಹಾಳೆಯಲ್ಲಿಟ್ಟರೂ ಸಲ್ಲುವಂಥದ್ದು, ಆದ್ದರಿಂದ ತೆಗೆದುಬಿಡಬಹುದು. ಮೇಲ್ಭಾಗದಲ್ಲಿ ಹೆಸರು, ಅದರ ಕೆಳಗೆ ತಾನು ಯಾರೆಂದು ಹೇಳುವ ಒಂದೇ ಸಾಲು: ಎರಡು ವರ್ಷ ಅನುಭವವುಳ್ಳ ಫಲಕ ಪರೀಕ್ಷಕಿ. ತಕ್ಷಣ ಕೆಲಸದ ಅನುಭವ. ಯಾವ ಬಗೆಯ ಫಲಕಗಳು, ವಾರಕ್ಕೆ ಎಷ್ಟು, ಯಾವ ಉಪಕರಣದಿಂದ, ಯಾವ ಬಗೆಯ ದೋಷವನ್ನು ಹೆಚ್ಚಾಗಿ ಹಿಡಿದಳು, ಅದರಿಂದ ಮುಂದಿನ ಹಂತದಲ್ಲಿ ಏನು ಬದಲಾಯಿತು. ಪ್ರಾಮಾಣಿಕಳು, ಶ್ರದ್ಧಾವಂತೆ ಎಂಬ ವಿಶೇಷಣಗಳು ಆಗ ಬೇಕಾಗುವುದಿಲ್ಲ. ಆ ಲೆಕ್ಕವೇ ಶ್ರದ್ಧೆಯನ್ನು ಹೇಳುತ್ತದೆ. ರಾಜ್ಯೋತ್ಸವದ ಧ್ವನಿವ್ಯವಸ್ಥೆಯನ್ನು ಹವ್ಯಾಸಗಳ ಕೊನೆಯ ಮೂಲೆಗೆ ತಳ್ಳದೆ ಅನುಭವದ ಕೆಳಗೇ ತಂದರೆ, ಉಪಕರಣ ಕೆಟ್ಟಾಗ ಜನರ ಎದುರಿನಲ್ಲಿಯೇ ಸರಿಪಡಿಸಬಲ್ಲವಳು ಎಂಬುದು ಓದುಗರಿಗೆ ತಾನಾಗಿ ಹೊಳೆಯುತ್ತದೆ. ಅವಳ ಸ್ವಭಾವ ಕರಾರುವಾಕ್ಕು. ಆದ್ದರಿಂದ ವಿನ್ಯಾಸವೂ ಕರಾರುವಾಕ್ಕಾಗಿರಲಿ: ಬಲಗಡೆ ನೇರ ಸಾಲಿನಲ್ಲಿ ನಿಂತ ದಿನಾಂಕಗಳು, ಒಂದೇ ತೆಳುಗೆರೆ, ಒಂದೇ ಬಣ್ಣ, ಎಲ್ಲ ತಲೆಬರಹಗಳ ಮೇಲೂ ಸಮಾನ ಅಂತರ. ಇದೇ ಜಾಗದಲ್ಲಿ ಒಬ್ಬ ಶಾಲಾ ಶಿಕ್ಷಕನೋ ಒಬ್ಬ ಜಾಹೀರಾತು ಕಲಾವಿದೆಯೋ ಇದ್ದಿದ್ದರೆ ಹಾಳೆ ಬೇರೆ ರೀತಿ ಉಸಿರಾಡಬೇಕು. ಶಿಕ್ಷಕನಿಗೆ ಸ್ವಲ್ಪ ಉದ್ದನೆಯ ವಾಕ್ಯಗಳು ಒಪ್ಪುತ್ತವೆ. ಕಲಾವಿದೆಗೆ ಬಣ್ಣದ ಸ್ವಾತಂತ್ರ್ಯವುಂಟು, ಏಕೆಂದರೆ ಆ ಹಾಳೆಯೇ ಅವಳ ಕೆಲಸದ ಮಾದರಿ.

ಅಕ್ಷರಶೈಲಿಯ ಮಾತಿಗೆ ಬರೋಣ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು ಎಂಬುದು ಎಲ್ಲರಿಗೂ ತಿಳಿದದ್ದೇ. ನಮ್ಮ ಬೀದಿಯ ಅಂಗಡಿ ಫಲಕಗಳನ್ನು ಗಮನಿಸಿದರೆ ಅನೇಕ ಅಕ್ಷರಗಳಲ್ಲಿ ವ್ಯತ್ಯಾಸವಿರುವುದು ತಲೆಕಟ್ಟಿನಲ್ಲಿ ಮಾತ್ರ. ನಮ್ಮದು ಅಡ್ಡಲಾಗಿ ಮಲಗಿ ತುದಿಯಲ್ಲಿ ಬಾಗಿದ ಗೆರೆ, ಅವರದು ಮೇಲಕ್ಕೆ ಚಿಮ್ಮಿದ ಸರಿಗುರುತಿನಂಥ ಗೆರೆ. ಅಷ್ಟು ಚಿಕ್ಕ ಗೆರೆ ಇದು ಯಾವ ನುಡಿ ಎಂಬುದನ್ನು ದೂರದಿಂದಲೇ ಸಾರುತ್ತದೆ. ರೆಸ್ಯೂಮೆಯಲ್ಲಿಯೂ ಇಂಥ ಸಣ್ಣ ಗೆರೆಯೇ ಸಾಕು. ಟೈಮ್ಸ್ ನ್ಯೂ ರೋಮನ್ 1932ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆಂದು ಬಂದ ಅಕ್ಷರ. ಇಕ್ಕಟ್ಟಾದ ಪತ್ರಿಕಾ ಕಾಲಂಗಳಿಗೆ ಹೊಂದುವಂತೆ ರೂಪಿಸಿದ್ದು. ವರ್ಡ್ ತಂತ್ರಾಂಶದಲ್ಲಿ 2007ರ ಆವೃತ್ತಿಯಿಂದ ಕ್ಯಾಲಿಬ್ರಿ ತಾನೇ ತಾನಾಗಿ ಬರತೊಡಗಿತು, 2023ರಿಂದ ಆ ಸ್ಥಾನ ಆಪ್ಟೋಸ್‌ಗೆ ದೊರೆತಿದೆ. ಇವು ಕೆಟ್ಟ ಅಕ್ಷರಗಳೇನಲ್ಲ. ಆದರೆ ಆಯ್ಕೆಯೇ ಮಾಡದವರ ಹಾಳೆಯೆಲ್ಲವೂ ಇವುಗಳಲ್ಲಿಯೇ ಇರುತ್ತದೆ. ಪರದೆಯ ಮೇಲೆ ಓದಲೆಂದೇ ಮ್ಯಾಥ್ಯೂ ಕಾರ್ಟರ್ ರೂಪಿಸಿದ ಜಾರ್ಜಿಯಾ ನನಗೆ ಪ್ರಿಯ. ಆದರೆ ಅದರ ಅಂಕಿಗಳು ಸಾಲಿನ ಮೇಲೂ ಕೆಳಗೂ ಏರಿಳಿಯುತ್ತವೆ. ವಾಕ್ಯದ ನಡುವೆ ಅದು ಚೆಲುವೇ, ಅಂಕಗಳ ಪಟ್ಟಿಯಲ್ಲಿ ಮಾತ್ರ ಅಲೆಯೆದ್ದಂತೆ ಕಾಣುತ್ತದೆ. ಯಾವುದನ್ನೇ ಆರಿಸಿ, ಒಂದು ಸಾಕು, ಹೆಚ್ಚೆಂದರೆ ಎರಡು. ಮುಖ್ಯ ಬರಹಕ್ಕೆ 10.5ರಿಂದ 11.5 ಪಾಯಿಂಟ್, ತಲೆಬರಹಕ್ಕೆ 13 ಅಥವಾ 14, ನಾಲ್ಕೂ ಕಡೆ 2 ಸೆಂಟಿಮೀಟರಿಗಿಂತ ಕಡಿಮೆಯಲ್ಲದ ಅಂಚು. ಒಂದೇ ಪುಟದಲ್ಲಿ ಮುಗಿಸಬೇಕೆಂಬ ಹಟದಿಂದ ಅಂಚನ್ನು ಕಿರಿದಾಗಿಸಿ ಅಕ್ಷರವನ್ನು 9ಕ್ಕೆ ಇಳಿಸುವುದಕ್ಕಿಂತ ಎರಡು ಸಾಲು ಬಿಡುವುದು ಲೇಸು. ಬಣ್ಣ ಬೇಕಿದ್ದರೆ ಗಾಢವಾದದ್ದೇ ಇರಲಿ. ತಿಳಿಬೂದು ಮತ್ತು ಹಳದಿ ಪರದೆಯ ಮೇಲೆ ಚೆಂದ. ಕಪ್ಪು ಬಿಳುಪಿನ ಜೆರಾಕ್ಸಿನಲ್ಲಿ ಮಾಯ.

ಇನ್ನೊಂದು ಓದುಗನಿದ್ದಾನೆ, ಅವನು ಮನುಷ್ಯನಲ್ಲ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ಸ್ವೀಕರಿಸುವುದು ಒಂದು ತಂತ್ರಾಂಶ. ಅದು ಹಾಳೆಯ ಅಂದವನ್ನು ನೋಡುವುದಿಲ್ಲ. ಬರಹವನ್ನು ಮಾತ್ರ ಹಿಂಡಿ ತೆಗೆದು ಹೆಸರು, ವಿದ್ಯೆ, ಅನುಭವ ಎಂದು ತನ್ನ ಗೂಡುಗಳಲ್ಲಿ ತುಂಬಿಕೊಳ್ಳುತ್ತದೆ. ಪಕ್ಕಪಕ್ಕದಲ್ಲಿ ಎರಡು ಕಾಲಂಗಳಿದ್ದರೆ ಕೆಲವು ತಂತ್ರಾಂಶಗಳು ಎಡದ ಸಾಲನ್ನೂ ಬಲದ ಸಾಲನ್ನೂ ಬೆಸೆದು ಓದುತ್ತವೆ. ಆಗ ಹವ್ಯಾಸದ ಪಟ್ಟಿಯಲ್ಲಿದ್ದ ವೀಣಾವಾದನ ಹೋಗಿ ಹಿಂದಿನ ಸಂಸ್ಥೆಯ ಹೆಸರಿಗೆ ಅಂಟಿಕೊಳ್ಳುತ್ತದೆ. ಚಿತ್ರದೊಳಗೆ ಕೂಡಿಸಿದ ಬರಹ ಅನೇಕ ವೇಳೆ ಅದಕ್ಕೆ ಕಾಣುವುದೇ ಇಲ್ಲ. ಪುಟದ ಶಿರೋಭಾಗದ ಪ್ರತ್ಯೇಕ ಪಟ್ಟಿಯಲ್ಲಿ ದೂರವಾಣಿ ಸಂಖ್ಯೆ ಇಟ್ಟಿದ್ದರೆ ಅದು ತಪ್ಪಿಹೋಗುವುದೂ ಉಂಟು. ಪರೀಕ್ಷೆ ಬಲು ಸುಲಭ. ಹಾಳೆಯ ಎಲ್ಲ ಬರಹವನ್ನೂ ಆಯ್ದು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಅಲ್ಲಿ ಕ್ರಮ ತಪ್ಪದೆ ಓದಿಸಿಕೊಂಡರೆ ಯಂತ್ರಕ್ಕೂ ಹೆಚ್ಚುಕಡಿಮೆ ಹಾಗೆಯೇ ಓದಿಸಿಕೊಳ್ಳುತ್ತದೆ. ಒಂದೇ ಕಾಲಂ, ಸರಳ ತಲೆಬರಹ, ಬಲಕ್ಕೆ ಟ್ಯಾಬ್ ಒತ್ತಿ ನಿಲ್ಲಿಸಿದ ದಿನಾಂಕ: ಹಿಂದೆ ಹೇಳಿದ ತರುಣಿಯ ಹಾಳೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

ಮಕ್ಕಳು ಸಾಗರದಾಚೆಗೆ ಅರ್ಜಿ ಹಾಕುವಾಗ ಕಾಗದದ ಅಳತೆಯನ್ನೂ ನೆನಪಿಡಬೇಕು. ನಮ್ಮ ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಉದ್ದ. ಅಮೆರಿಕದ ಲೆಟರ್ ಹಾಳೆ 216 ಅಗಲ, 279 ಉದ್ದ. ಇಲ್ಲಿ ಪುಟದ ತುದಿಯವರೆಗೆ ತುಂಬಿಸಿದ್ದು ಅಲ್ಲಿ ಒಂದೋ ಕುಗ್ಗುತ್ತದೆ, ಇಲ್ಲವೇ ಕೊನೆಯ ಸಾಲುಗಳು ಮುಂದಿನ ಪುಟಕ್ಕೆ ಬೀಳುತ್ತವೆ. ಭಾವಚಿತ್ರ, ವಯಸ್ಸು, ವೈವಾಹಿಕ ಸ್ಥಿತಿಗಳನ್ನು ಅಮೆರಿಕದಲ್ಲಿ ಬರೆಯದಿರುವುದೇ ಪದ್ಧತಿ. 1964ರ ನಾಗರಿಕ ಹಕ್ಕುಗಳ ಕಾಯಿದೆ ಮತ್ತು 1967ರ ವಯೋತಾರತಮ್ಯ ವಿರೋಧಿ ಕಾಯಿದೆಗಳ ನಂತರ ಸಂಸ್ಥೆಗಳೇ ಆ ವಿವರಗಳಿಂದ ದೂರ ಉಳಿಯಲು ಬಯಸುತ್ತವೆ. ಜರ್ಮನಿಯಲ್ಲಿ ಭಾವಚಿತ್ರದ ರೂಢಿ ಗಟ್ಟಿಯಾಗಿತ್ತು. 2006ರ ಸಮಾನತೆಯ ಕಾಯಿದೆ ಬಂದ ಮೇಲೂ ಅನೇಕರು ಅದನ್ನು ಇರಿಸುತ್ತಾರೆ.

ಹೆಸರಿನ ಸಾಲು ಕನ್ನಡಿಗರಿಗೆ ವಿಶೇಷ ಸಮಸ್ಯೆ. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಹೆಸರಿನ ಮುಂದೆ ಹೊತ್ತುಕೊಂಡು ಬಂದವರು ನಾವು. ತೆಲುಗರ ಮನೆಯ ಹೆಸರು ಮೊದಲು ಬರುತ್ತದೆ, ಪಾಸ್‌ಪೋರ್ಟಿನ ಉಪನಾಮದ ಗೂಡು ಬೇರೆಯೇ ಕೇಳುತ್ತದೆ. ಪದವಿಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ರೆಸ್ಯೂಮೆಯಲ್ಲಿ ಮೂರನೆಯದು ಎಂದಾದರೆ ದಾಖಲೆ ಪರಿಶೀಲನೆಯ ಹೊತ್ತಿಗೆ ತಲೆನೋವು ಖಚಿತ. ದಾಖಲೆಯಲ್ಲಿರುವ ಪೂರ್ಣ ರೂಪವನ್ನೇ ಬರೆದು, ಕರೆಯಬೇಕಾದ ಹೆಸರನ್ನು ಮಾತ್ರ ದಪ್ಪಕ್ಷರದಲ್ಲಿ ತೋರಿಸಿದರೆ ಎರಡೂ ಉದ್ದೇಶ ಈಡೇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಕಣ್ಣು ಪ್ರತಿ ಸಲ ಹೋಗುವ ಸಾಲು ಬೇರೊಂದಿದೆ. ಅದು ಬಲ್ಲ ಭಾಷೆಗಳು ಎಂಬ ಸಾಲು. ಇಂಗ್ಲಿಷ್, ಹಿಂದಿ, ತೆಲುಗು ಎಂದು ಬರೆದು ನಮ್ಮ ಎಷ್ಟೋ ಮಕ್ಕಳು ಅಲ್ಲಿಗೆ ನಿಲ್ಲಿಸುತ್ತಾರೆ. ಮನೆಯಲ್ಲಿ ದಿನವಿಡೀ ಆಡುವ ಕನ್ನಡ ಆ ಸಾಲಿಗೆ ಬರುವುದಿಲ್ಲ. ಕೇಳಿದರೆ, ಓದಲು ಬರೆಯಲು ಬರುವುದಿಲ್ಲವಲ್ಲ ಎನ್ನುತ್ತಾರೆ. ಕಾಚಿಗುಡದ ನೃಪತುಂಗ ಶಾಲೆಯಂಥ ಕಡೆ ಕಲಿತವರನ್ನು ಬಿಟ್ಟರೆ ನಗರದ ಈ ಅಂಚಿನಲ್ಲಿ ಕನ್ನಡ ಅಕ್ಷರ ಕಲಿಯುವ ಅವಕಾಶ ಎಷ್ಟು ಮಕ್ಕಳಿಗಿದೆ? ಅವರ ಸಂಕೋಚ ಪ್ರಾಮಾಣಿಕವಾದದ್ದು. ಇನ್ನು ಕೆಲವರು ಕನ್ನಡ ಎಂದು ಬರೆದು, ಬೆಂಗಳೂರಿನ ಸಂದರ್ಶನದಲ್ಲಿ ಒಂದು ಸುತ್ತೋಲೆ ಓದಲು ಕೊಟ್ಟಾಗ ತಬ್ಬಿಬ್ಬಾಗುವ ಸಂಭವವೂ ಉಂಟು. ಇದಕ್ಕೆ ಯುರೋಪಿನಿಂದ ಒಂದು ಉಪಾಯ ಪಡೆಯಬಹುದು. 2005ರಲ್ಲಿ ಬಂದ ಯುರೋಪಾಸ್ ಸ್ವವಿವರದಲ್ಲಿ ಭಾಷೆಯನ್ನು ಬಲ್ಲೆ ಎಂದಷ್ಟೇ ಬರೆಯುವಂತಿಲ್ಲ. ಕೇಳಿ ತಿಳಿಯುವುದು, ಓದುವುದು, ಮಾತನಾಡುವುದು, ಬರೆಯುವುದು ಇವುಗಳನ್ನು ಬಿಡಿಬಿಡಿಯಾಗಿ, ಎ1ರಿಂದ ಸಿ2ರವರೆಗಿನ ಆರು ಮಟ್ಟಗಳಲ್ಲಿ ತೋರಿಸಬೇಕು. ನಮಗೆ ಆ ಮಟ್ಟಗಳ ಸಂಕೇತ ಬೇಕಿಲ್ಲ, ವಿಭಜನೆ ಬೇಕು. ಕನ್ನಡ: ಮನೆಮಾತು, ನಿರರ್ಗಳ ಸಂಭಾಷಣೆ, ಓದುವ ಕಲಿಕೆ ಆರಂಭಿಕ ಹಂತ. ತೆಲುಗು: ಓದು, ಬರಹ, ಮಾತು. ಹೀಗೆ ಬರೆದಾಗ ಸುಳ್ಳೂ ಇಲ್ಲ, ಮರೆಮಾಚುವುದೂ ಇಲ್ಲ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಬೀದರ, ಕಲಬುರಗಿ, ರಾಯಚೂರುಗಳಿಗೂ ಹೈದರಾಬಾದೇ ರಾಜಧಾನಿಯಾಗಿತ್ತು. ಹಾಗೆ ಬಂದ ಕುಟುಂಬದ ಮೊಮ್ಮಗಳು ಕನ್ನಡ, ತೆಲುಗು, ದಖನಿ ಉರ್ದು ಮೂರನ್ನೂ ಕೇಳಿ ತಿಳಿಯಬಲ್ಲವಳಾದರೆ, ನಾಲ್ಕು ರಾಜ್ಯಗಳ ಗಿರಾಕಿಗಳೊಡನೆ ವ್ಯವಹರಿಸುವ ಸಂಸ್ಥೆಗೆ ಅದು ಒಂದು ಪ್ರಮಾಣಪತ್ರದಷ್ಟೇ ಬೆಲೆಯುಳ್ಳದ್ದು. ಬೇರಾರ ಮಾದರಿಯಲ್ಲಿಯೂ ದೊರೆಯದ ಸ್ವಂತ ಶೈಲಿ ಅಲ್ಲಿದೆ. ಆ ಸಾಲನ್ನು ಪುಟದ ಅಡಿಯಿಂದ ಎತ್ತಿ ಹೆಸರಿನ ಸಮೀಪಕ್ಕೆ ತರಲು ಹಿಂಜರಿಯಬೇಕಿಲ್ಲ.

ಕರ್ನಾಟಕದಲ್ಲಿ ಶಿಕ್ಷಣ, ಪತ್ರಿಕೋದ್ಯಮ ಅಥವಾ ಸಮಾಜಸೇವಾ ಕ್ಷೇತ್ರದ ಕೆಲಸಕ್ಕೆ ಹೋಗುವವರು ಕನ್ನಡದಲ್ಲಿಯೇ ಒಂದು ಸ್ವವಿವರವನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಆದರೆ ಇಂಗ್ಲಿಷಿನ ವಿನ್ಯಾಸವನ್ನು ಹಾಗೆಯೇ ಎತ್ತಿಡಲಾಗದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲೇರುತ್ತವೆ. ಆದ್ದರಿಂದ ಸಾಲುಗಳ ನಡುವೆ ಅಂತರ ಹೆಚ್ಚು ಬೇಕು, ಒಂದೂವರೆ ಪಟ್ಟು ಇದ್ದರೆ ಓದಲು ಹಿತ. ಓರೆ ಅಕ್ಷರ ನಮ್ಮ ಲಿಪಿಯ ಸಂಪ್ರದಾಯದಲ್ಲಿಲ್ಲ, ದುಂಡನೆಯ ಅಕ್ಷರವನ್ನು ವಾಲಿಸಿದರೆ ಬೀಳುವಂತೆ ಕಾಣುತ್ತದೆ. ಒತ್ತು ಕೊಡಬೇಕಾದಲ್ಲಿ ದಪ್ಪಕ್ಷರ ಬಳಸಿ. 1998ರ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವು ಗಣಕಯಂತ್ರದಲ್ಲಿ ಕನ್ನಡವನ್ನು ಬೆಳೆಸಿದ ತಂತ್ರಾಂಶಗಳು. ಆದರೆ ಅವುಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಕಡತ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಬರೆಯಿರಿ, ವಿಂಡೋಸಿನ ತುಂಗಾ, ಇಲ್ಲವೇ ಗೂಗಲ್ಲಿನ ನೋಟೊ ಕನ್ನಡ ಅಕ್ಷರಗಳು ಸಾಕಷ್ಟು ಸೊಗಸಾಗಿವೆ. ಕಳುಹಿಸುವಾಗ ಪಿ.ಡಿ.ಎಫ್. ರೂಪಕ್ಕೆ ಪರಿವರ್ತಿಸಿ, ಅಕ್ಷರಗಳನ್ನು ಕಡತದೊಳಗೇ ಅಡಕಗೊಳಿಸಿ. ಕಡತಕ್ಕೆ ರೆಸ್ಯೂಮೆ ಹೊಸದು 3 ಎಂಬಂಥ ಹೆಸರಿಡಬೇಡಿ. ನಿಮ್ಮ ಹೆಸರನ್ನೂ ಹುದ್ದೆಯ ಹೆಸರನ್ನೂ ಇಡಿ. ಇನ್ನು ಆ ಘೋಷಣೆ, ಸ್ಥಳ, ಸಹಿಗಳ ಸಾಲು: ಹಿರಿಯರು ಬೇಕೇ ಬೇಕು ಎಂದರೆ ಸರ್ಕಾರಿ ಅರ್ಜಿಗಾಗಿ ಒಂದು ಪ್ರತಿಯಲ್ಲಿ ಇರಲಿ, ಖಾಸಗಿ ಸಂಸ್ಥೆಗೆ ಹೋಗುವ ಪ್ರತಿಯಲ್ಲಿ ಆ ಜಾಗವನ್ನು ಇನ್ನೊಂದು ಅನುಭವಕ್ಕೆ ಬಿಟ್ಟುಕೊಡಿ.